ಶಾಲೆ ಸಮಾಜಕ್ಕೆ ಏನು ಮಾಡುತ್ತದೆ?

ಪ್ರಶ್ನೆ: ಶಿಕ್ಷಣದ ಬಗ್ಗೆ ಪ್ರಕಾರ್ಯವಾದಿಗಳ ನಿಲುವು ಓದುತ್ತಿದ್ದೇನೆ. ಡರ್ಖೈಮ್, ಪಾರ್ಸನ್ಸ್ ಇಬ್ಬರೂ ಒಂದೇ ಮಾತು ಹೇಳಿದಂತಿದೆ. ವ್ಯತ್ಯಾಸವೇನು?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಮಾಜದ ಪ್ರತಿ ಸಂಸ್ಥೆಯೂ ಇಡೀ ಸಮಾಜ ನಡೆಯಲು ಒಂದು ಕೆಲಸ (ಪ್ರಕಾರ್ಯ) ಮಾಡುತ್ತದೆ ಎನ್ನುವವರು ಪ್ರಕಾರ್ಯವಾದಿಗಳು. ಆದರೆ ಈ ಇಬ್ಬರ ಮುಂದಿದ್ದ ಪ್ರಶ್ನೆಗಳೇ ಬೇರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ (1858–1917) ಅವರನ್ನು ಕಾಡಿದ್ದು ಸಮಾಜದ ಒಗ್ಗಟ್ಟು. ಫ್ರಾನ್ಸ್ 1881–82ರ ಕಾನೂನುಗಳಿಂದ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿ, ಸರ್ಕಾರಿ ಶಾಲೆಯಿಂದ ಧರ್ಮಬೋಧನೆಯನ್ನು ಹೊರಗಿಟ್ಟಿತ್ತು. ಇನ್ನು ಮಕ್ಕಳಿಗೆ ನೀತಿ ಎಲ್ಲಿಂದ ಬರಬೇಕು? ಶಾಲೆಯ ಶಿಸ್ತಿನಿಂದ, ಗುಂಪಿನ ಮೇಲಿನ ಅಭಿಮಾನದಿಂದ ಎಂಬುದು ಅವರ ಉತ್ತರ.

ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1959ರ ಲೇಖನದಲ್ಲಿ ತರಗತಿಯ ಒಳಗೇ ಕಣ್ಣಿಟ್ಟರು. ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳು, ಒಬ್ಬ ಟೀಚರ್, ಎಲ್ಲರಿಗೂ ಅದೇ ಲೆಕ್ಕ, ಅದೇ ಅಳತೆಗೋಲು. ಮನೆಯಲ್ಲಿ ‘ನಮ್ಮ ಮಗು’ ಎಂಬುದೇ ಸಾಕು. ಶಾಲೆಯಲ್ಲಿ ಉತ್ತರ ಸರಿಯಿದ್ದರಷ್ಟೇ ಅಂಕ. ಈ ಬದಲಾವಣೆಗೆ ಮಗುವನ್ನು ಒಗ್ಗಿಸುವುದು, ಜೊತೆಗೆ ಯಾರು ಮುಂದೆ ಯಾವ ಕೆಲಸಕ್ಕೆ ಎಂದು ಆರಿಸುವುದು, ಇವೆರಡೂ ಶಾಲೆಯ ಹೊಣೆ.

ವಾದ ಕುಂಟುವುದು ಇಲ್ಲೇ. ಅಳತೆಗೋಲು ಒಂದೇ ಆದರೂ ಹೊರಡುವ ಜಾಗ ಒಂದೇ ಅಲ್ಲ. ಹೋಂವರ್ಕ್ ಹೇಳಿಕೊಡುವವರಿರುವ ಮನೆಯ ಮಗುವಿಗೂ ಸಂಜೆ ಕೆಲಸಕ್ಕೆ ಹೋಗುವ ಮಗುವಿಗೂ ಪ್ರಶ್ನೆಪತ್ರಿಕೆ ಅದೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮೆಲ್ವಿನ್ ಟ್ಯೂಮಿನ್ 1953ರಲ್ಲೇ, ಶ್ರೇಣೀಕೃತ (ಮೇಲುಕೀಳಿನ ಹಂತಗಳಿರುವ) ಸಮಾಜದಲ್ಲಿ ಪ್ರತಿಭೆ ಪೂರ್ತಿ ಬೆಳಕಿಗೆ ಬರುವುದೇ ಇಲ್ಲ ಎಂದು ಆಕ್ಷೇಪಿಸಿದ್ದರು. ಪರೀಕ್ಷೆಯ ಉತ್ತರದಲ್ಲಿ ಇದನ್ನು ಖಂಡಿತ ಬರೆಯಿರಿ.

ಹಲವರು ಎಡವುವ ಇನ್ನೊಂದು ಕಡೆ: ಪ್ರಕಾರ್ಯವನ್ನು ಉದ್ದೇಶ ಎಂದುಕೊಳ್ಳುವುದು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹೇಳುವ ವ್ಯಕ್ತ (ಉದ್ದೇಶಿಸಿದ), ಸುಪ್ತ (ಉದ್ದೇಶಿಸದೆಯೂ ಆಗುವ) ಪ್ರಕಾರ್ಯಗಳನ್ನು ಬೇರೆಬೇರೆ ಬರೆಯಿರಿ. ಓದು ಬರಹ ಕಲಿಸುವುದು ವ್ಯಕ್ತ; ಪೋಷಕರು ದುಡಿಯುವ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಸುಪ್ತ.