ಮಗಳು ಅಮೆರಿಕದ ಬಾವುಟಕ್ಕೆ ಪ್ರತಿಜ್ಞೆ ಹೇಳಲೇಬೇಕಾ?

ತಂಗಿ, ನಿಮ್ಮ ಪತ್ರ ಓದಿದೆ. ಡಾಲಸ್ ಪಕ್ಕದ ಊರಿಗೆ ಬಂದು ಇನ್ನೂ ಮನೆ ಸಾಮಾನು ಜೋಡಿಸಿ ಮುಗಿದಿಲ್ಲ, ಅಷ್ಟರಲ್ಲೇ ಮನೆಯಲ್ಲಿ ಈ ವಿಷಯಕ್ಕೆ ಮಾತು ಬೆಳೆದಿದೆ ಎಂದು ಬರೆದಿದ್ದೀರಿ. ಎರಡನೇ ಕ್ಲಾಸಿನ ಮಗಳು ದಿನಾ ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಅಮೆರಿಕದ ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುತ್ತಾಳೆ. ದಾವಣಗೆರೆಯಲ್ಲಿರುವ ನಿಮ್ಮ ಮಾವನವರು ವಿಡಿಯೋ ಕಾಲ್‌ನಲ್ಲಿ ಅದನ್ನು ಕೇಳಿ ಬೇಜಾರು ಮಾಡಿಕೊಂಡರು. ನಿಮ್ಮ ಯಜಮಾನರು "ಉಂಡ ಮನೆಯ ಜಂತಿ ಎಣಿಸಬಾರದು, ಹೇಳಲಿ ಬಿಡು" ಅನ್ನುತ್ತಾರೆ. ಇಬ್ಬರ ಮಾತೂ ನಿಮ್ಮ ಮನಸ್ಸಿಗೆ ಹಿಡಿಸುತ್ತಿಲ್ಲ. ಹೇಳಲೇಬೇಕಾ, ಬೇಡ ಅಂದರೆ ವೀಸಾಗೆ ತೊಂದರೆ ಆಗುತ್ತಾ ಎಂದು ಕೇಳಿದ್ದೀರಿ. ಕಾರು, ಇನ್ಶೂರೆನ್ಸ್, ದಿನಸಿ ಅಂಗಡಿ ಬಗ್ಗೆ ಕೇಳಿದ್ದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಅವಕ್ಕೆಲ್ಲ ದಾರಿ ತೋರಿಸುವವರು ಇಲ್ಲಿ ತುಂಬಾ ಜನ ಸಿಗುತ್ತಾರೆ. ಇದಕ್ಕೆ ಸಿಗುವುದು ಕಷ್ಟ.

ಮೊದಲು ಭಯದ ಮಾತು. ಹೇಳಲೇಬೇಕು ಅಂತ ಇಲ್ಲ. ಸರ್ಕಾರಿ ಶಾಲೆ ಯಾವ ಮಗುವಿಗೂ ಬಲವಂತವಾಗಿ ಪ್ರತಿಜ್ಞೆ ಹೇಳಿಸುವಂತಿಲ್ಲ. ಇಲ್ಲಿ ಹುಟ್ಟಿದ ಮಗುವಾದರೂ ಅಷ್ಟೇ, ಅಪ್ಪನದೋ ಅಮ್ಮನದೋ ಕೆಲಸದ ವೀಸಾದ ಮೇಲೆ ಮನೆಯವರಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ಮಗುವಾದರೂ ಅಷ್ಟೇ. ಮಗು ಪ್ರತಿಜ್ಞೆ ಹೇಳಿತೋ ಇಲ್ಲವೋ ಎಂದು ವೀಸಾದ ಯಾವ ಫಾರ್ಮೂ ಕೇಳುವುದಿಲ್ಲ. ನಿಮ್ಮ ಮಾವನವರಿಗೂ ಒಂದು ಮಾತು ತಿಳಿಸಿ. ಕ್ಲಾಸಿನಲ್ಲಿ ಹೇಳುವ ಈ ಪ್ರತಿಜ್ಞೆಯಿಂದ ಅವರ ಮೊಮ್ಮಗಳ ಭಾರತೀಯ ಪೌರತ್ವಕ್ಕೆ ಒಂದು ಗೀರೂ ಬೀಳುವುದಿಲ್ಲ.

ಇನ್ನು ಶಾಲೆಯಲ್ಲಿ ಏನು ನಡೆಯುತ್ತದೆ ಅನ್ನುವುದು. ಬೆಳಿಗ್ಗೆ ಬೆಲ್ ಆದ ಮೇಲೆ ಸ್ಪೀಕರಿನಲ್ಲಿ ಅನೌನ್ಸ್‌ಮೆಂಟ್ ಶುರುವಾಗುತ್ತದೆ. ಮಕ್ಕಳೆಲ್ಲ ಎದ್ದು ಕ್ಲಾಸಿನಲ್ಲಿರುವ ಬಾವುಟದ ಕಡೆ ತಿರುಗುತ್ತಾರೆ. ಮೊದಲು ದೇಶದ ಪ್ರತಿಜ್ಞೆ. ಆಮೇಲೆ ಟೆಕ್ಸಸ್ ರಾಜ್ಯದ್ದೇ ಇನ್ನೊಂದು, ಒಂಟಿ ನಕ್ಷತ್ರದ ಬಾವುಟಕ್ಕೆ. ಅದಾದ ಮೇಲೆ ಒಂದು ನಿಮಿಷ ಮೌನ. ಆ ನಿಮಿಷದಲ್ಲಿ ಪ್ರಾರ್ಥನೆ ಮಾಡಬಹುದು, ಯೋಚನೆ ಮಾಡಬಹುದು, ಬೇರೆಯವರಿಗೆ ತೊಂದರೆ ಕೊಡದೆ ಸುಮ್ನೆ ಇರಬಹುದು. ಆಮೇಲೆ ಮಧ್ಯಾಹ್ನದ ಊಟಕ್ಕೆ ಏನಿದೆ, ಇವತ್ತು ಯಾರ ಹುಟ್ಟುಹಬ್ಬ. ಎಲ್ಲ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಹೆಚ್ಚಿನ ಅಪ್ಪ ಅಮ್ಮಂದಿರು ಇದರ ಬಗ್ಗೆ ಯೋಚನೆ ಮಾಡುವುದೇ ಇಲ್ಲ. ನೀವು ಮಾಡಿದಿರಿ. ಅದು ನನಗೆ ಇಷ್ಟವಾಯಿತು.

ಈ ಪ್ರತಿಜ್ಞೆ ದೇಶ ಕಟ್ಟಿದವರು ಬರೆದದ್ದು ಎಂದು ಜನ ಅಂದುಕೊಂಡಿದ್ದಾರೆ. ಅಲ್ಲ. 1892ರಲ್ಲಿ, ಕೊಲಂಬಸ್ ಬಂದು 400 ವರ್ಷ ಆದದ್ದಕ್ಕೆ ಶಾಲೆಗಳಲ್ಲಿ ಸಮಾರಂಭ ಮಾಡಬೇಕಿತ್ತು. ಆಗ ಫ್ರಾನ್ಸಿಸ್ ಬೆಲ್ಲಮಿ ಎಂಬ ಪಾದ್ರಿ ಬಾಸ್ಟನ್ನಿನ ಒಂದು ಪತ್ರಿಕೆಗೆ ಇದನ್ನು ಬರೆದುಕೊಟ್ಟರು. ಆ ಪತ್ರಿಕೆ ಶಾಲೆಗಳಿಗೆ ಬಾವುಟ ಮಾರುವ ಕೆಲಸವನ್ನೂ ಮಾಡುತ್ತಿತ್ತು. ಮೊದಲು ಅದರಲ್ಲಿ "ನನ್ನ ಬಾವುಟ" ಎಂದಷ್ಟೇ ಇತ್ತು. 1923ರಲ್ಲಿ ಅದನ್ನು ತೆಗೆದು ದೇಶದ ಹೆಸರು ಹಾಕಿದರು. ವಲಸೆ ಬಂದವರ ಮಕ್ಕಳು ಬಾಯಲ್ಲಿ "ನನ್ನ ಬಾವುಟ" ಎನ್ನುತ್ತಾ ಮನಸ್ಸಿನಲ್ಲಿ ತಮ್ಮ ಹಳೇ ದೇಶದ ಬಾವುಟ ನೆನೆಸಿಕೊಂಡರೆ ಎಂಬ ಅನುಮಾನ ಅವರಿಗೆ! ನಮ್ಮಂಥವರ ಮಕ್ಕಳ ಮೇಲಿನ ಈ ಅನುಮಾನಕ್ಕೆ ನೂರು ವರ್ಷ ಆಗಿದೆ. ಆಗ ಮಕ್ಕಳು ಬಲಗೈಯನ್ನು ಮುಂದಕ್ಕೆ ಚಾಚಿ ಹೇಳುತ್ತಿದ್ದರು. ಹಿಟ್ಲರನ ಜನ ಕೈ ಚಾಚುವುದಕ್ಕೂ ಇದಕ್ಕೂ ವ್ಯತ್ಯಾಸ ಕಾಣದೆ ಹೋದಾಗ, 1942ರಲ್ಲಿ, ಕೈ ಎದೆಗೆ ಬಂತು. ದೇವರ ಹೆಸರು ಸೇರಿದ್ದು ಇನ್ನೂ ತಡವಾಗಿ, 1954ರಲ್ಲಿ.

ಹೇಳಲೊಲ್ಲೆ ಎಂದು ಮೊದಲು ಬೆಲೆ ತೆತ್ತವರೂ ಮಕ್ಕಳೇ. ಪೆನ್ಸಿಲ್ವೇನಿಯಾದಲ್ಲಿ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲು ಗಣಿಯ ಊರು. 1935ರಲ್ಲಿ ಅಲ್ಲಿನ ಶಾಲೆ 12 ವರ್ಷದ ಲಿಲಿಯನ್ ಮತ್ತು 10 ವರ್ಷದ ಅವಳ ತಮ್ಮ ವಿಲಿಯಂನನ್ನು ಹೊರಗೆ ಹಾಕಿತು. ಅವರದು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡ. ದೇವರಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ಬಗೆಯ ವಂದನೆ ಸಲ್ಲದು ಎಂಬುದು ಅವರ ನಂಬಿಕೆ. 1940ರಲ್ಲಿ ಸುಪ್ರೀಂ ಕೋರ್ಟ್ ಶಾಲೆಯ ಪರ ತೀರ್ಪು ಕೊಟ್ಟಿತು. ಒಂಬತ್ತು ಜಡ್ಜ್‌ಗಳಲ್ಲಿ ಮಕ್ಕಳ ಪರ ನಿಂತವರು ಒಬ್ಬರೇ. ಆಮೇಲೆ ಊರೂರಲ್ಲಿ ಆ ಪಂಗಡದವರನ್ನು ಹೊಡೆದರು. ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಹಚ್ಚಿದರು. ಮೂರೇ ವರ್ಷದಲ್ಲಿ ಅದೇ ಕೋರ್ಟ್ ತನ್ನ ತೀರ್ಪನ್ನು ತಾನೇ ತಿರುವಿ ಹಾಕಿತು. 1943ರ ಜೂನ್ 14, ಬಾವುಟದ ದಿನ. ಹೊರಗೆ ಮಹಾಯುದ್ಧ ನಡೆಯುತ್ತಿತ್ತು. ವೆಸ್ಟ್ ವರ್ಜೀನಿಯಾದ ಮಕ್ಕಳ ಕೇಸಿನಲ್ಲಿ ಜಸ್ಟಿಸ್ ರಾಬರ್ಟ್ ಜಾಕ್ಸನ್ ಬರೆದರು: ರಾಜಕೀಯ, ರಾಷ್ಟ್ರೀಯತೆ, ಧರ್ಮ ಇವುಗಳಲ್ಲಿ ಯಾವುದು ಸರಿಯಾದ ನಂಬಿಕೆ ಎಂದು ದೊಡ್ಡವನೋ ಸಣ್ಣವನೋ ಯಾವ ಅಧಿಕಾರಿಯೂ ವಿಧಿಸುವಂತಿಲ್ಲ. ಈ ದೇಶದಲ್ಲಿ ನನಗೆ ಗೌರವ ಇರುವುದು ಇಂಥ ಮಾತಿನ ಮೇಲೆ. ಯುದ್ಧದ ನಡುವೆ, ದೇಶಭಕ್ತಿಯ ಹೆಸರಿನಲ್ಲಿ ಏನು ಬೇಕಾದರೂ ಮಾಡಿಸಬಹುದಾಗಿದ್ದ ಕಾಲದಲ್ಲಿ ಈ ಮಾತು ಬಂತು.

ಇದು ಅಮೆರಿಕಕ್ಕೆ ಮಾತ್ರ ಸೇರಿದ ಕಥೆ ಅಂತ ನಿಮ್ಮ ಮಾವನವರು ತಿಳಿಯದಿರಲಿ. ಕೇರಳದಲ್ಲಿ 1985ರಲ್ಲಿ ಅದೇ ಪಂಗಡದ ಮೂವರು ಮಕ್ಕಳು ಜನಗಣಮನ ನಡೆಯುವಾಗ ಗೌರವದಿಂದ ಎದ್ದು ನಿಂತರು, ಆದರೆ ಹಾಡಲಿಲ್ಲ. ಶಾಲೆ ಹೊರಗೆ ಕಳಿಸಿತು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ತೀರ್ಪು ಬರೆದ ಜಸ್ಟಿಸ್ ಚಿನ್ನಪ್ಪ ರೆಡ್ಡಿ ಅವರು ಅಮೆರಿಕದ ಆ ಎರಡೂ ಕೇಸುಗಳನ್ನು ಓದಿಯೇ ಬರೆದಿದ್ದಾರೆ. ನಾವೂ ನೀವೂ ಪ್ರೇಯರ್‌ನಲ್ಲಿ ಕೈ ಚಾಚಿ "ಭಾರತ ನನ್ನ ದೇಶ" ಹೇಳಿ ಬೆಳೆದವರೇ. ನನಗೆ ಅದರ ಮೇಲೆ ಪ್ರೀತಿ ಇದೆ. ಆದರೂ ಆ ಸಾಲಿನಲ್ಲಿ ಬಾಯಿ ಬಿಡದೆ ನಿಂತ ಮಗು ದೇಶದ್ರೋಹಿ ಆಗುವುದಿಲ್ಲ, ಅಲ್ವಾ?

ಈಗ ನನ್ನ ಅಭಿಪ್ರಾಯ. ಎಳೆ ಮಕ್ಕಳಿಂದ ದಿನಾ ನಿಷ್ಠೆಯ ಮಾತು ಆಡಿಸುವುದು ತಪ್ಪು. ಈ ದೇಶದ ಮೇಲೆ ಪ್ರೀತಿ ಇಲ್ಲದೆ ಇದನ್ನು ಹೇಳುತ್ತಿಲ್ಲ. ನಾನು ಇಲ್ಲಿನ ಪೌರತ್ವ ತೆಗೆದುಕೊಂಡವಳು. ಅದಕ್ಕೂ ಮೊದಲು ಗ್ರೀನ್ ಕಾರ್ಡಿನಲ್ಲಿ ವರ್ಷಗಟ್ಟಲೆ ಯೋಚಿಸಿದೆ. ಬೇರೆ ದೇಶದ ಮೇಲಿನ ನಿಷ್ಠೆಯನ್ನು ಬಿಡುತ್ತೇನೆ ಎಂಬ ಮಾತು ಪೌರತ್ವ ಪಡೆಯುವಾಗ ಹೇಳುವ ಪ್ರಮಾಣವಚನದಲ್ಲಿ ಇದೆ. ಅದಕ್ಕೆ ನಿಜವಾದ ಬೆಲೆ ಇದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕಾಯಿತು. ಆ ಪ್ರಮಾಣವಚನದ ಕಾಗದವನ್ನು ನಾನು ಸಾಲು ಸಾಲಾಗಿ ಓದಿದೆ. ಊರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಮಾತಾಡಿದೆ. ಆಮೇಲೆ ಕೈ ಎತ್ತಿದೆ. ಅದೇ ಸಮಾರಂಭದಲ್ಲಿ ನಿಮ್ಮ ಮಗಳು ಹೇಳುವ ಈ ಪ್ರತಿಜ್ಞೆಯನ್ನೂ ಗಟ್ಟಿಯಾಗಿ ಹೇಳಿದೆ. ಈಗಲೂ ಹೇಳುತ್ತೇನೆ. ಓದು ಬರಹ ಬಲ್ಲ ದೊಡ್ಡವಳಿಗೆ ಇಷ್ಟು ಕಾಲ ಕೊಟ್ಟು, ತಿಳಿದು ಒಪ್ಪಿಕೋ ಎನ್ನುವ ದೇಶ, ಏಳು ವರ್ಷದ ಮಗು ಬ್ಯಾಗ್ ಇಳಿಸುವ ಮೊದಲೇ ಅದೇ ನಿಷ್ಠೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಬೇರೆ ದೇಶದ ಪ್ರಜೆಯಾದ ಮಗುವಿನಿಂದಂತೂ ಖಂಡಿತ ಸರಿಯಲ್ಲ.

ಯಜಮಾನರ ಮಾತಿಗೂ ಉತ್ತರ ಕೊಡಬೇಕು. ಉಂಡ ಮನೆಯ ಋಣ ದೊಡ್ಡದು, ಒಪ್ಪಿದೆ. ಆದರೆ ಅವರು ಅದನ್ನು ಈಗಾಗಲೇ ತೀರಿಸುತ್ತಿದ್ದಾರೆ. ಸಂಬಳದ ಚೀಟಿ ತೆಗೆದು ನೋಡಲಿ. ಆದಾಯ ತೆರಿಗೆ, ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎಲ್ಲ ಹಿಡಿದಿರುತ್ತಾರೆ. ಮನೆ ಬಾಡಿಗೆಯ ಒಳಗೇ ಶಾಲೆಯ ತೆರಿಗೆಯೂ ಸೇರಿರುತ್ತದೆ. ಇಷ್ಟಾದ ಮೇಲೆ ಮಗುವಿನ ಬಾಯಿಂದ ಬೇರೆ ಕೃತಜ್ಞತೆ ಬೇಕಾಗಿಲ್ಲ.

ಟೆಕ್ಸಸ್ಸಿನಲ್ಲಿ ಒಂದು ತೊಡಕಿದೆ. ಇಲ್ಲಿನ ಕಾನೂನಿನ ಪ್ರಕಾರ ಮಗು ಪ್ರತಿಜ್ಞೆಯಿಂದ ಹೊರಗುಳಿಯಬೇಕಾದರೆ ಅಪ್ಪ ಅಮ್ಮ ಬರೆದು ಕೊಡಬೇಕು. ಫ್ಲಾರಿಡಾದಲ್ಲೂ ಹೀಗೇ ಇದೆ. ಇದು ನನಗೆ ಒಪ್ಪಿಗೆಯಿಲ್ಲ. ಹದಿನಾರು ವರ್ಷದ ಹುಡುಗಿಯ ಮನಸ್ಸಾಕ್ಷಿಗೆ ಅಪ್ಪನ ಸಹಿ ಯಾಕೆ ಬೇಕು? ಜೊತೆಗೆ, ಈ ಅವಕಾಶ ಇದೆ ಅಂತ ಶಾಲೆ ತಾನಾಗಿ ಬಂದು ಹೇಳುವುದು ಕಡಿಮೆ. ಭಾಷೆ ಬಾರದ, ವೀಸಾದ ಭಯ ಇರುವ ಮನೆಯವರು ಕೇಳುವುದೂ ಇಲ್ಲ. ಅಡ್ಮಿಷನ್ ಫಾರ್ಮಿನ ಜೊತೆಯಲ್ಲೇ ಇದನ್ನು ತಿಳಿಸಬೇಕು ಎಂದು ನಾನು ಶಾಲೆಯ ಮೀಟಿಂಗುಗಳಲ್ಲಿ ಹೇಳುತ್ತಲೇ ಬಂದಿದ್ದೇನೆ.

ನನ್ನ ಮಗ ಮಿಡಲ್ ಸ್ಕೂಲಿಗೆ ಹೋದಾಗ ಹೇಳುವುದನ್ನು ನಿಲ್ಲಿಸಿದ. ನಾನು ಬರೆದುಕೊಟ್ಟೆ. ಅವನ ಟೀಚರ್ ಒಂದು ಮಾತೂ ಆಡಲಿಲ್ಲ. ಒಂದು ದಿನ ಬದಲಿಗೆ ಬಂದ ಟೀಚರ್ ಮಾತ್ರ ಅವನನ್ನು ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದರು. ಅವನು ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಪ್ರಿನ್ಸಿಪಾಲರಿಗೆ ಬರೆದೆ, ಮರುದಿನವೇ ಕರೆದು ಕೂರಿಸಿ ಕೇಳಿದರು, ಇನ್ನು ಹಾಗಾಗದಂತೆ ನೋಡಿಕೊಂಡರು. ಮಗಳ ಕಥೆಯೇ ಬೇರೆ. ಅವಳು ಹನ್ನೆರಡನೇ ಕ್ಲಾಸಿನವರೆಗೂ ಇಷ್ಟಪಟ್ಟು ಹೇಳಿದಳು. ಅದಕ್ಕೂ ನಾನು ಅಡ್ಡ ಬರಲಿಲ್ಲ.

ಅದಕ್ಕೇ ಹೇಳುವುದು, ಪತ್ರ ಬರೆಯುವ ಮೊದಲು ಮಗಳನ್ನೇ ಕೇಳಿ. ಪ್ರತಿಜ್ಞೆಯಲ್ಲಿ ಏನಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ. ಗೆಳತಿಯರ ಜೊತೆ ಹೇಳುವುದು ಅವಳಿಗೆ ಖುಷಿ ಅಂದರೆ ಹೇಳಲಿ, ಮಾವನವರ ಬೇಜಾರಿಗೆ ಅವಳ ಬಾಯಿ ಮುಚ್ಚಿಸಬೇಡಿ. ಬೇಡ ಅಂದರೆ ಎರಡು ಸಾಲು ಸಾಕು: ನಮ್ಮ ಮಗಳಿಗೆ ಎರಡೂ ಪ್ರತಿಜ್ಞೆಗಳಿಂದ ವಿನಾಯಿತಿ ಕೊಡಿ, ಬೇರೆ ಮಕ್ಕಳಿಗೆ ತೊಂದರೆಯಾಗದಂತೆ ಅವಳು ಮೌನವಾಗಿರುತ್ತಾಳೆ. ಕಾರಣ ಬರೆಯಬೇಕಿಲ್ಲ. ಮೌನದ ನಿಮಿಷಕ್ಕೆ ಮಾತ್ರ ವಿನಾಯಿತಿ ಇಲ್ಲ, ಅದನ್ನು ಅವಳಿಗೆ ಮೊದಲೇ ಹೇಳಿಡಿ. ಪತ್ರವನ್ನು ಆಫೀಸಿಗೆ ಈಮೇಲ್ ಮಾಡಿ, ಟೀಚರಿಗೂ ಒಂದು ಪ್ರತಿ ಕಳಿಸಿ. ಮುಂದೆ ಖಾಸಗಿ ಶಾಲೆಗೆ ಹಾಕುವ ಯೋಚನೆ ಇದ್ದರೆ ಅಲ್ಲಿ ಈ ರಕ್ಷಣೆ ಇರುವುದಿಲ್ಲ, ಸೇರಿಸುವ ಮೊದಲೇ ಕೇಳಿಕೊಳ್ಳಿ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ನನಗೆ ತಿಳಿಸಿ, ಪ್ರಿನ್ಸಿಪಾಲರನ್ನು ನೋಡಲು ನಾನೂ ನಿಮ್ಮ ಜೊತೆ ಬರುತ್ತೇನೆ.