ಕೆಲವರಿಗೆ ಮಾತ್ರ ದಿನಾಂಕದ ಲೆಕ್ಕ ಕೈಕೊಡುವುದೇಕೆ?

ಪ್ರಶ್ನೆ: ಗ್ರಂಥಾಲಯದ ಸದಸ್ಯತ್ವಕ್ಕೆ ರೈಲ್ಸ್‌ನಲ್ಲಿ (ರೂಬಿ ಭಾಷೆಯ ವೆಬ್ ಚೌಕಟ್ಟು) ಆ್ಯಪ್ ಮಾಡಿದ್ದೇನೆ. ಅವಧಿ ಮುಗಿಯುವ ದಿನಕ್ಕೆ 'ಜಾಯಿನ್ಡ್_ಆನ್ + 1.ಇಯರ್' ಎಂದು ಬರೆದಿದ್ದೇನೆ. ಕೆಲವರಿಗೆ ಸರಿ ಬರುತ್ತದೆ, ಕೆಲವರಿಗೆ 'ಅನ್‌ಡಿಫೈನ್ಡ್ ಮೆಥಡ್ + ಫಾರ್ ನಿಲ್' ಎಂಬ ಎರರ್. ಎಲ್ಲರ ದಿನಾಂಕವನ್ನೂ ತುಂಬಿದ್ದೇವೆ. ಕ್ಯಾಲೆಂಡರ್ ವಿಜೆಟ್ 02/13/2024 ಎಂಬ ರೂಪದಲ್ಲಿ ಕಳಿಸುತ್ತದೆ.

ಉತ್ತರ: ಈ ಎರರ್‌ನಲ್ಲಿ ಮೊದಲು ನೋಡಬೇಕಾದದ್ದು ಕೊನೆಯ ಪದ. ಕೂಡುವ ಲೆಕ್ಕದಲ್ಲಿ ತಪ್ಪಿಲ್ಲ. ಎಡಗಡೆ ದಿನಾಂಕವೇ ಇಲ್ಲ, ನಿಲ್ ಇದೆ, ಅಂದರೆ ಖಾಲಿ. ಬದಲಿಗೆ 'ನೋ ಇಂಪ್ಲಿಸಿಟ್ ಕನ್ವರ್ಷನ್ ... ಇಂಟು ಸ್ಟ್ರಿಂಗ್' ಎಂಬ ಎರರ್ ಬಂದಿದ್ದರೆ ಪ್ಯಾರಮ್ಸ್‌ನಿಂದ (ಫಾರ್ಮ್ ಕಳಿಸುವ ಮಾಹಿತಿ) ಬಂದ ಪಠ್ಯವನ್ನು ದಿನಾಂಕವಾಗಿಸದೆ ಬಳಸಿದ್ದೀರಿ ಎಂದರ್ಥ. 1.5.ಮಂತ್ಸ್ ಎಂದು ಬರೆದರೂ ಇದೇ ಬಗೆಯ ಎರರ್ ಬರುತ್ತದೆ, ಏಕೆಂದರೆ ಮಂತ್ಸ್ ಇರುವುದು ಪೂರ್ಣಾಂಕಗಳಿಗೆ ಮಾತ್ರ.

ಹಾಗಾದರೆ ತುಂಬಿದ ದಿನಾಂಕ ಎಲ್ಲಿ ಹೋಯಿತು? ನಿಮ್ಮ ವಿಜೆಟ್ ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮುಂದಿಡುತ್ತದೆ. ರೂಬಿ ನಮ್ಮ ಹಾಗೆ ಮೊದಲು ದಿನ, ಆಮೇಲೆ ತಿಂಗಳು ಎಂದು ಓದುತ್ತದೆ. ಅದಕ್ಕೆ 02/13/2024 ಎಂದರೆ ಹದಿಮೂರನೇ ತಿಂಗಳ ಎರಡನೇ ದಿನ. ಅಂಥ ದಿನವಿಲ್ಲ, ಹಾಗಾಗಿ ಡೇಟಾಬೇಸ್ ನೋಡಿಕೊಳ್ಳುವ ರೈಲ್ಸ್‌ನ ಭಾಗವಾದ ಆ್ಯಕ್ಟಿವ್ ರೆಕಾರ್ಡ್ ಸದ್ದಿಲ್ಲದೆ ನಿಲ್ ಇಟ್ಟುಬಿಡುತ್ತದೆ. ರೈಲ್ಸ್ ಕನ್ಸೋಲ್‌ನಲ್ಲಿ ಮೆಂಬರ್.ನ್ಯೂ ಮಾಡಿ ಇದೇ ದಿನಾಂಕ ಕೊಟ್ಟು, ಸೇವ್ ಮಾಡುವ ಮೊದಲೇ 'ಜಾಯಿನ್ಡ್_ಆನ್_ಬಿಫೋರ್_ಟೈಪ್_ಕಾಸ್ಟ್' ನೋಡಿ. ಅಲ್ಲಿ ಮೂಲ ಪಠ್ಯ ಹಾಗೆಯೇ ಇರುತ್ತದೆ, 'ಜಾಯಿನ್ಡ್_ಆನ್' ಮಾತ್ರ ಖಾಲಿ.

ದಯವಿಟ್ಟು '&.' (ಎಡಗಡೆ ನಿಲ್ ಇದ್ದರೆ ಎರರ್ ಕೊಡದೆ ನಿಲ್ ಅನ್ನೇ ಮರಳಿಸುವ ಗುರುತು) ಹಾಕಿ ಎರರ್ ಮುಚ್ಚಬೇಡಿ. ಆ ಸದಸ್ಯರಿಗೆ ಅವಧಿ ಮುಗಿಯುವ ದಿನವೇ ಇಲ್ಲದಂತಾಗುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವಿಜೆಟ್ ಬದಲು ರೈಲ್ಸ್‌ನ 'ಡೇಟ್_ಫೀಲ್ಡ್' ಬಳಸಿ. ಬ್ರೌಸರ್ ಯಾವಾಗಲೂ 2024-02-13 ಎಂದೇ ಕಳಿಸುತ್ತದೆ. ಮಾಡೆಲ್‌ನಲ್ಲಿ ಪ್ರೆಸೆನ್ಸ್ ವ್ಯಾಲಿಡೇಷನ್ (ಖಾಲಿ ಬಿಡುವಂತಿಲ್ಲ ಎಂಬ ತಪಾಸಣೆ) ಇರಲಿ, ಆಗ ಓದಲಾಗದ ದಿನಾಂಕ ಫಾರ್ಮ್‌ನಲ್ಲೇ ಸಿಕ್ಕಿಬೀಳುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ಎರರ್ ಬಾರದ ಸದಸ್ಯರ ಬಗ್ಗೆ. ಫೆಬ್ರುವರಿ 3ರಂದು ಸೇರಿದವರು 02/03/2024 ಆಗಿ ಬಂದು, ಮಾರ್ಚ್ 2ರಂದು ಸೇರಿದಂತೆ ದಾಖಲಾಗಿದ್ದಾರೆ. ಈ ವಿಜೆಟ್‌ನಿಂದ ಬಂದ ದಾಖಲೆಗಳಲ್ಲಿ 12 ದಾಟಿದ ದಿನ ಒಂದೂ ಇರುವುದಿಲ್ಲ, ಬೇಕಿದ್ದರೆ ನೋಡಿ. ಡೇಟಾಬೇಸ್‌ನ ಬ್ಯಾಕಪ್ ತೆಗೆದುಕೊಂಡು, ಅವುಗಳಲ್ಲಿ ಮಾತ್ರ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿದರೆ ಸರಿಯಾದ ದಿನಾಂಕ ಮರಳುತ್ತದೆ. ನಿಲ್ ಆದವುಗಳಿಗೆ ಸರ್ವರ್ ಲಾಗ್‌ನ ಪ್ಯಾರಾಮೀಟರ್ಸ್ ಸಾಲು ಹುಡುಕಿ, ಲಾಗ್ ಅಳಿಸಿದ್ದರೆ ಸದಸ್ಯತ್ವದ ಅರ್ಜಿ ಇಲ್ಲವೇ ರಸೀದಿಯಿಂದ ಮತ್ತೆ ತುಂಬಿ.