ಸಿನ್ಸ್ ಹಾಕಬೇಕಾ, ಫಾರ್ ಹಾಕಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿನ ಜೋಡಿ ಪದಗಳ ಬಗ್ಗೆಯೇ ಇವೆ. ಇದನ್ನು ಬರೀಬೇಕಾ, ಅದನ್ನು ಬರೀಬೇಕಾ ಅನ್ನುವ ಗೊಂದಲ. ನಾನೂ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಕಲಿತವಳು, ಆಮೇಲೆ ತುಂಬಾ ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದವಳು. ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಬರಬರುತ್ತಾ ಮೊದಲೇ ಗೊತ್ತಾಗತೊಡಗಿತು. ಕನ್ನಡ ಒಂದೇ ಪದದಲ್ಲಿ ಮುಗಿಸುವ ಮಾತನ್ನು ಇಂಗ್ಲಿಷ್ ಎರಡು ಪದಕ್ಕೆ ಹಂಚಿರುತ್ತದೆ ನೋಡಿ, ಅಲ್ಲೇ. ಹಾಗಾಗಿ ಉತ್ತರ ಹುಡುಕುವಾಗ ಕನ್ನಡದ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಕನ್ನಡದಲ್ಲಿ ಯೋಚನೆ ಮಾಡಬೇಡಿ ಅಂತ ಕೆಲವರು ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್" ಅಂದೆ. ಹೊರಗೆ ಬಂದ ಮೇಲೆ ಸ್ನೇಹಿತ ಅದು ತಪ್ಪು ಅಂದ. ಏನು ತಪ್ಪು ಅಂತ ಅವನಿಗೂ ಹೇಳಲಾಗಲಿಲ್ಲ. (ಓದುಗರು, ದಾವಣಗೆರೆ)

ಉತ್ತರ: ಎರಡು ಕಡೆ ತಪ್ಪಿದೆ. ಎರಡೂ ಕನ್ನಡದಿಂದಲೇ ಬಂದಿವೆ. ನಾವು "ಎರಡು ವರ್ಷದಿಂದ ಇಲ್ಲಿದ್ದೇನೆ" ಅನ್ನುತ್ತೇವೆ, "2022ರಿಂದ ಇಲ್ಲಿದ್ದೇನೆ" ಅಂತಲೂ ಅನ್ನುತ್ತೇವೆ. ಎರಡಕ್ಕೂ 'ಇಂದ' ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ದಿನವನ್ನು ಹೇಳುತ್ತಿದ್ದೀರಾ, ಕಳೆದ ಕಾಲದ ಅಳತೆಯನ್ನು ಹೇಳುತ್ತಿದ್ದೀರಾ ಅಂತ ಅದು ಕೇಳುತ್ತದೆ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು "ಇಲ್ಲಿಂದ" ಅಂತ ತೋರಿಸಬಹುದಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2022, ಸಿನ್ಸ್ ದೀಪಾವಳಿ. ಎಣಿಸಿ ಹೇಳುವುದಾದರೆ ಫಾರ್: ಫಾರ್ ಟೂ ಇಯರ್ಸ್, ಫಾರ್ ಟೆನ್ ಡೇಸ್. ಎಣಿಕೆ ಸಿಗದಿದ್ದರೂ ಅಳತೆ ಅಳತೆಯೇ, ಹಾಗಾಗಿ "ತುಂಬಾ ದಿನದಿಂದ" ಅನ್ನುವುದಕ್ಕೆ ಫಾರ್ ಎ ಲಾಂಗ್ ಟೈಮ್.

ಇನ್ನೊಂದು ತಪ್ಪು "ಆಮ್ ವರ್ಕಿಂಗ್" ಅನ್ನುವುದರಲ್ಲಿದೆ. ಕನ್ನಡದ "ಮಾಡುತ್ತಿದ್ದೇನೆ" ಈಗ ನಡೆಯುವುದಕ್ಕೂ ಆಗುತ್ತದೆ, ಹಿಂದೆ ಶುರುವಾಗಿ ಇವತ್ತಿಗೂ ನಡೆದುಕೊಂಡು ಬಂದದ್ದಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ಎರಡನೆಯದಕ್ಕೆ "ಹ್ಯಾವ್ ಬೀನ್" ಬೇಕು. ಪೂರ್ತಿ ವಾಕ್ಯ: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್." ಇದನ್ನೊಂದು ಹತ್ತು ಸಲ ಬಾಯಿಬಿಟ್ಟು ಹೇಳಿ ನೋಡಿ. ಮುಂದಿನ ಇಂಟರ್‌ವ್ಯೂನಲ್ಲಿ ತಾನಾಗಿಯೇ ಬರುತ್ತದೆ.

ಪ್ರಶ್ನೆ: ನಾಲ್ಕನೇ ಕ್ಲಾಸಿನ ಮಗಳು "ಪ್ಲೀಸ್ ಬಾರೋ ಮಿ ಯುವರ್ ಪೆನ್" ಅಂತ ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದು 'ಲೆಂಡ್' ಅಂತ ಬರೆದಿದ್ದಾರೆ. ಎರಡೂ ಸಾಲವೇ ಅಲ್ವಾ? (ಒಬ್ಬ ತಾಯಿ, ಹಾಸನ)

ಉತ್ತರ: ಮಗಳಿಗೆ 'ಬಾರೋ ಅಂದರೆ ಸಾಲ' ಅಂತ ಕಲಿಸಿರುತ್ತಾರೆ. ತೊಂದರೆ ಶುರುವಾದದ್ದು ಅಲ್ಲಿಂದಲೇ. ಕನ್ನಡದಲ್ಲಿ ಸಾಲ ಒಂದೇ, ಅದು ಯಾವ ಕಡೆ ಹೋಗುತ್ತದೆ ಅನ್ನುವುದನ್ನು 'ಕೊಡು', 'ತಗೋ' ಹೇಳುತ್ತವೆ. ಇಂಗ್ಲಿಷಿನಲ್ಲಿ ಆ ಕೊಡು ತಗೋ ಪದದ ಒಳಗೇ ಸೇರಿಕೊಂಡಿವೆ. ಬಾರೋ ಅಂದರೆ ಸಾಲ ತಗೋ, ಲೆಂಡ್ ಅಂದರೆ ಸಾಲ ಕೊಡು. ಹೀಗೆ ಎರಡು ಪದ ಸೇರಿಸಿಯೇ ಹೇಳಿಕೊಡಿ. ಅನುಮಾನ ಬಂದರೆ ಆ ಜಾಗದಲ್ಲಿ ಗಿವ್ ಅಥವಾ ಟೇಕ್ ಇಟ್ಟು ನೋಡಲಿ. "ಗಿವ್ ಮಿ ಯುವರ್ ಪೆನ್" ಸರಿ ಕೇಳಿಸುತ್ತದೆ, ಹಾಗಾಗಿ ಲೆಂಡ್. "ಕ್ಯಾನ್ ಐ ಟೇಕ್ ಯುವರ್ ಪೆನ್" ಸರಿ ಕೇಳಿಸುತ್ತದೆ, ಹಾಗಾಗಿ ಅಲ್ಲಿ ಬಾರೋ.

ಬ್ರಿಂಗ್ ಮತ್ತು ಟೇಕ್ ಬಗ್ಗೆಯೂ ಕೇಳಿದ್ದೀರಿ. ಅದರಲ್ಲಿ ಹೆದರುವಂಥದ್ದೇನಿಲ್ಲ, ಕನ್ನಡವೇ ಕೈ ಹಿಡಿಯುತ್ತದೆ. ತಗೊಂಡು ಬಾ ಅಂದರೆ ಬ್ರಿಂಗ್, ತಗೊಂಡು ಹೋಗು ಅಂದರೆ ಟೇಕ್. ಉತ್ತರ ಕರ್ನಾಟಕದವರಿಗೆ ಇದು ಇನ್ನೂ ಸುಲಭ, ಅವರ ಬಾಯಲ್ಲಿ 'ತರು', 'ಒಯ್ಯು' ದಿನವೂ ಓಡಾಡುವ ಪದಗಳು. "ನಾಳೆ ನಿಮ್ಮನೆಗೆ ಬರುವಾಗ ಪುಸ್ತಕ ತರ್ತೀನಿ" ಅನ್ನುತ್ತೇವಲ್ಲ, ಇಂಗ್ಲಿಷಿನವರೂ ಅಲ್ಲಿ ಬ್ರಿಂಗ್ ಅಂತಲೇ ಅನ್ನುತ್ತಾರೆ.

ಪ್ರಶ್ನೆ: ಅಡ್ವೈಸ್ ಅನ್ನುವುದಕ್ಕೆ ಕೆಲವು ಕಡೆ 'ಸಿ', ಕೆಲವು ಕಡೆ 'ಎಸ್' ಇರುತ್ತದೆ. ಲೂಸ್‌ನಲ್ಲಿ ಒಮ್ಮೆ ಒಂದು 'ಓ', ಒಮ್ಮೆ ಎರಡು. ಯಾವುದು ಸರಿ? (ಓದುಗರು, ಚಿತ್ರದುರ್ಗ)

ಉತ್ತರ: ಎಲ್ಲವೂ ಸರಿ, ಆದರೆ ಬೇರೆ ಬೇರೆ ಪದಗಳು. ನಮ್ಮ ಕಿವಿ ಅವನ್ನು ಒಂದು ಮಾಡಿಬಿಟ್ಟಿದೆ. ಝೂ ಅನ್ನುವಾಗ ಇಂಗ್ಲಿಷಿನವರ ಹಲ್ಲಿನ ನಡುವೆ ಗುಂಯ್ ಅಂತ ಒಂದು ಸದ್ದು ಬರುತ್ತದೆ, ಅದು ಹಳೆಯ ಕನ್ನಡ ಪದಗಳಲ್ಲಿ ಇಲ್ಲವೇ ಇಲ್ಲ. ನಮ್ಮ ವರ್ಣಮಾಲೆಯಲ್ಲೂ ಅದಕ್ಕೆ ಅಕ್ಷರವಿಲ್ಲ, ಈಗೀಗ 'ಜ'ಗೆ ಚುಕ್ಕಿ ಇಟ್ಟು 'ಜ಼' ಅಂತ ಬರೆಯುತ್ತಾರೆ. ಸಲಹೆ ಅನ್ನುವ ಹೆಸರಿಗೆ 'ಸಿ', ಉಚ್ಚಾರ ಅಡ್ವೈಸ್. ಸಲಹೆ ಕೊಡು ಅನ್ನುವ ಕೆಲಸಕ್ಕೆ 'ಎಸ್', ಉಚ್ಚಾರ ಅಡ್ವೈಜ಼್. ಡಾಕ್ಟರ್ ಅಡ್ವೈಜ಼್ ಮಾಡುತ್ತಾರೆ, ಅವರು ಕೊಟ್ಟದ್ದು ಅಡ್ವೈಸ್. ಇನ್ನೊಂದು ವಿಷಯ, ಸಲಹೆಗಳು ಅಂತ ನಾವು ಹೇಳುತ್ತೇವೆ ಅಂತ 'ಅಡ್ವೈಸಸ್' ಅಂತ ಬಹುವಚನ ಮಾಡಬೇಡಿ. ಫರ್ನಿಚರ್, ಲಗೇಜ್, ಇನ್ಫರ್ಮೇಶನ್ ಕೂಡ ಹಾಗೇ, ಎಷ್ಟಿದ್ದರೂ ಏಕವಚನವೇ.

ಎರಡು 'ಓ' ಇರುವುದು ಲೂಸ್, ಅಂದರೆ ಸಡಿಲ. ಪ್ಯಾಂಟು ಲೂಸಾಗಿದೆ ಅನ್ನುತ್ತೇವಲ್ಲ, ಅದೇ. ಒಂದು 'ಓ' ಇರುವುದು ಲೂಜ಼್, ಅಂದರೆ ಕಳೆದುಕೋ, ಇಲ್ಲವೇ ಸೋಲು. ಕಳೆದುಕೊಳ್ಳುವಾಗ ಒಂದು 'ಓ' ಕೂಡ ಕಳೆದುಹೋಯಿತು ಅಂತ ನನ್ನ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಮಕ್ಕಳು ಮರೆತದ್ದು ಕಡಿಮೆ.

ಪ್ರಶ್ನೆ: ಲೈ, ಲೇ. ರೈಜ಼್, ರೇಜ಼್. ಎಷ್ಟು ಸಲ ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಅದಲು ಬದಲಾಗುತ್ತವೆ. (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಬಾಯಿಪಾಠ ಬಿಡಮ್ಮ. ಇದರ ಕೀಲಿಕೈ ನಿನ್ನ ಹತ್ತಿರವೇ ಇದೆ, ಅದು ಕನ್ನಡದ 'ಇಸು'. ಮಲಗು, ಮಲಗಿಸು. ಏರು, ಏರಿಸು. ಮೊದಲನೆಯದರಲ್ಲಿ ತಾನೇ ಮಾಡುವುದು, ಎರಡನೆಯದರಲ್ಲಿ ಇನ್ನೊಂದರಿಂದ ಮಾಡಿಸುವುದು. ಈಗ ಜೋಡಿಸಿ ನೋಡು: ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ರೈಜ಼್ ಅಂದರೆ ಏರು, ರೇಜ಼್ ಅಂದರೆ ಏರಿಸು. ಬೆಲೆ ತಾನಾಗಿ ಏರಿದರೆ ರೈಜ಼್, ಅಂಗಡಿಯವನು ಬೆಲೆ ಏರಿಸಿದರೆ ರೇಜ಼್. ವಾಕ್ಯದಲ್ಲಿ "ಯಾವುದನ್ನು?" ಅಂತ ಕೇಳಿ ಉತ್ತರ ಸಿಕ್ಕರೆ ಅದು 'ಇಸು' ಜಾತಿಯದ್ದು. ರೇಜ಼್ ಯುವರ್ ಹ್ಯಾಂಡ್. ಯಾವುದನ್ನು? ಕೈಯನ್ನು. ಸರಿಹೋಯಿತಲ್ವಾ?

ಇದು ನಾನು ಸುಮ್ನೆ ಕಟ್ಟಿದ ಹೋಲಿಕೆ ಅಲ್ಲ. ಇಂಗ್ಲಿಷ್ ಹುಟ್ಟಿದ ಹಳೆಯ ಜರ್ಮ್ಯಾನಿಕ್ ಭಾಷೆಯಲ್ಲಿ ನಮ್ಮ 'ಇಸು' ಮಾಡುವ ಕೆಲಸವನ್ನೇ ಮಾಡುವ ಒಂದು ಪ್ರತ್ಯಯ ಇತ್ತು. ಕಾಲ ಕಳೆದಂತೆ ಅದು ಸವೆದುಹೋಯಿತು, ಪದದ ಒಳಗಿನ ಸ್ವರದ ವ್ಯತ್ಯಾಸ ಮಾತ್ರ ಉಳಿಯಿತು. ಲೈ ಮತ್ತು ಲೇ, ಸಿಟ್ ಮತ್ತು ಸೆಟ್, ರೈಜ಼್ ಮತ್ತು ರೇಜ಼್ ಎಲ್ಲ ಹಾಗೆ ಉಳಿದ ಜೋಡಿಗಳು. ಮರ ಬಿದ್ದರೆ ಫಾಲ್, ಮರವನ್ನು ಕಡಿದು ಬೀಳಿಸಿದರೆ ಫೆಲ್, ಅದೂ ಇದೇ ಗುಂಪಿನದು. ಇವತ್ತಿನ ಇಂಗ್ಲಿಷಿನಲ್ಲಿ ಹೊಸದಾಗಿ ಹೀಗೆ ಪದ ಕಟ್ಟಲು ಬರುವುದಿಲ್ಲ. ನಮಗೆ ಬರುತ್ತದೆ. ಮೊನ್ನೆ ಮೊನ್ನೆ ಬಂದ ಇಂಗ್ಲಿಷ್ ಪದಕ್ಕೂ ನಾವು 'ಇಸು' ಅಂಟಿಸುತ್ತೇವೆ, 'ಡೌನ್‌ಲೋಡಿಸು' ಅನ್ನುತ್ತೇವೆ. ನನಗೆ ಇದು ತುಂಬಾ ಖುಷಿ ಕೊಡುವ ವಿಷಯ.

ಇನ್ನು ಪರೀಕ್ಷೆಯಲ್ಲಿ ನಿಜವಾಗಿ ಕಾಡುವುದು ಒಂದಿದೆ. ಲೈ ಪದದ ಭೂತಕಾಲವೂ 'ಲೇ'! ಅವನು ನಿನ್ನೆ ಮಲಗಿದ ಅನ್ನುವುದಕ್ಕೆ "ಹಿ ಲೇ ಡೌನ್ ಯೆಸ್ಟರ್ಡೇ". ಮಗುವನ್ನು ಮಲಗಿಸಿದಳು ಅನ್ನುವುದಕ್ಕೆ "ಶಿ ಲೇಡ್ ದ ಬೇಬಿ ಡೌನ್". ಈ ಎರಡು ವಾಕ್ಯ ಮಾತ್ರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೋ. ಸುಳ್ಳು ಹೇಳು ಅನ್ನುವ ಲೈ ಬೇರೆಯೇ ಪದ, ಅದರ ಭೂತಕಾಲ ಲೈಡ್.

ಪ್ರಶ್ನೆ: ಅಂಗಡಿಗೆ ಹೊಸ ಬೋರ್ಡ್ ಬರೆಸುತ್ತಿದ್ದೇನೆ. ಸ್ಟೇಷನರಿ ಅನ್ನುವುದರ ಕೊನೆಯಲ್ಲಿ 'ಎ' ಹಾಕಲಾ, 'ಇ' ಹಾಕಲಾ ಅಂತ ಪೇಂಟರ್ ಕೇಳುತ್ತಿದ್ದಾನೆ. (ಅಂಗಡಿ ಮಾಲೀಕರು, ಗದಗ)

ಉತ್ತರ: 'ಇ' ಹಾಕಿಸಿ. 'ಎ' ಹಾಕಿದರೆ ನಿಂತಲ್ಲೇ ನಿಂತಿರುವ ಅಂತ ಅರ್ಥವಾಗುತ್ತದೆ. ನೆನಪಿಡಲು ಬೇಕರಿಯ ಬೋರ್ಡ್ ನೋಡಿ. ಬೇಕರ್ ನಡೆಸುವುದು ಬೇಕರಿ, ಗ್ರೋಸರ್ ಮಾರುವುದು ಗ್ರೋಸರಿ, ಸ್ಟೇಷನರ್ ಮಾರುವುದು ಸ್ಟೇಷನರಿ. ಮೂರರ ಕೊನೆಯಲ್ಲೂ ಇ, ಆರ್, ವೈ.

ಎರಡೂ ಪದಗಳ ಬೇರು ಒಂದೇ ಅನ್ನುವುದು ನಿಮಗೆ ಇಷ್ಟವಾಗಬಹುದು. ಹಿಂದೆ ಯೂರೋಪಿನಲ್ಲಿ ಸರಕನ್ನು ಹೊತ್ತುಕೊಂಡು ಊರೂರು ತಿರುಗಿ ಮಾರುವವರೇ ಜಾಸ್ತಿ. ಪುಸ್ತಕ ಮಾರುವವರು ಯೂನಿವರ್ಸಿಟಿಗಳ ಹತ್ತಿರ ಒಂದೇ ಜಾಗದಲ್ಲಿ ಅಂಗಡಿ ಹಾಕಿಕೊಂಡು ಕೂತರು. ಹಾಗೆ ಕೂತಲ್ಲೇ ಮಾರುವವನಿಗೆ ಸ್ಟೇಷನರ್ ಅಂತ ಹೆಸರಾಯಿತು. ಲಂಡನ್ನಿನಲ್ಲಿ ಅವರದ್ದೇ ಒಂದು ಸಂಘವಿತ್ತು, ಅದಕ್ಕೆ 1557ರಲ್ಲಿ ರಾಜಮನೆತನದ ಸನ್ನದು ಸಿಕ್ಕಿತು. ಆ ಹೆಸರೇ ಇವತ್ತು ನಿಮ್ಮ ಬೋರ್ಡಿನ ಮೇಲೆ ಬರುತ್ತಿದೆ.

ಪ್ರಶ್ನೆ: ಕೆಲಸದ ಮೇಲೆ ಅಮೆರಿಕಕ್ಕೆ ಬಂದು ಆರು ತಿಂಗಳಾಯಿತು. ಮೀಟಿಂಗಿನಲ್ಲಿ "ಐ ಹ್ಯಾವ್ ಎ ಡೌಟ್" ಅಂದರೆ ಎಲ್ಲರೂ ಒಂಥರಾ ನೋಡುತ್ತಾರೆ. (ಸಾಫ್ಟ್‌ವೇರ್ ಉದ್ಯೋಗಿ, ಮೂಲ ಊರು ಬೆಂಗಳೂರು)

ಉತ್ತರ: ನಮ್ಮಲ್ಲಿ ಡೌಟು ಅಂದರೆ ಗೊತ್ತಾಗದೆ ಕೇಳುವ ಪ್ರಶ್ನೆ. ಅಲ್ಲಿ ಡೌಟ್ ಅಂದರೆ ಅಪನಂಬಿಕೆ. ನೀವು ಹೇಳಿದ್ದು ನಿಜವೋ ಇಲ್ಲವೋ ಅಂತ ಹೇಳಿದ ಹಾಗೆ ಅವರಿಗೆ ಕೇಳಿಸುತ್ತದೆ. "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ, ಮುಗಿಯಿತು. ಹಾಗೆಯೇ "ಐ ಪಾಸ್ಡ್ ಔಟ್ ಇನ್ 2019" ಅಂದರೆ ಅಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಅರ್ಥ. ಕಾಲೇಜು ಮುಗಿಸಿದ್ದಕ್ಕೆ ಗ್ರಾಜುಯೇಟೆಡ್ ಅನ್ನಬೇಕು. ರಿವರ್ಟ್ ಅಂದರೆ ಹಳೆಯ ಸ್ಥಿತಿಗೆ ಮರಳು, ಉತ್ತರಿಸುವುದಕ್ಕೆ ರಿಪ್ಲೈ ಸಾಕು. ಪ್ರೀಪೋನ್ (ಗೊತ್ತು ಮಾಡಿದ ದಿನಕ್ಕಿಂತ ಮುಂಚೆಗೆ ತರು) ಮಾತ್ರ ಒಳ್ಳೆಯ ಪದ. ನಮ್ಮ ದೇಶದಲ್ಲಿ ಬಳಕೆಗೆ ಬಂದು ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿದೆ. ಊರಿನವರ ಜೊತೆ ಧೈರ್ಯವಾಗಿ ಬಳಸಿ, ಅಲ್ಲಿಯವರಿಗೆ ಬರೆಯುವಾಗ "ಮೂವ್ ಅಪ್" ಅನ್ನಿ.

ಮೇಲ್‌ನಲ್ಲಿ "ಐ ವಿಲ್ ಸೆಂಡ್ ಇಟ್ ಟಿಲ್ ಮಂಡೇ" ಅಂತ ಬರೆದಿರುವುದನ್ನೂ ಕಳಿಸಿದ್ದೀರಿ. ಅಲ್ಲಿ ಬೈ ಬೇಕು. ಸೋಮವಾರದೊಳಗೆ ಅಂದರೆ ಬೈ, ಸೋಮವಾರದವರೆಗೆ ಅಂದರೆ ಟಿಲ್. ಸೋಮವಾರದೊಳಗೆ ಕಳಿಸುತ್ತೀರಿ, ಸೋಮವಾರದವರೆಗೆ ಕಾಯುತ್ತೀರಿ. ನೋಡಿ, ಕನ್ನಡ ಎಷ್ಟು ಚೊಕ್ಕವಾಗಿ ಬೇರೆ ಮಾಡಿ ಕೊಟ್ಟಿದೆ!

ಪ್ರಶ್ನೆ: ಅಫೆಕ್ಟ್ ಮತ್ತು ಎಫೆಕ್ಟ್ ವ್ಯತ್ಯಾಸ ಒಂದೆರಡು ಮಾತಲ್ಲಿ ಹೇಳಿ. (ಓದುಗರು, ಮಂಡ್ಯ)

ಉತ್ತರ: 'ಎ' ಇಂದ ಶುರುವಾಗುವ ಅಫೆಕ್ಟ್ ಸಾಮಾನ್ಯವಾಗಿ ಕ್ರಿಯೆ, 'ಇ' ಇಂದ ಶುರುವಾಗುವ ಎಫೆಕ್ಟ್ ಸಾಮಾನ್ಯವಾಗಿ ಹೆಸರು. ಮಳೆ ಬೆಳೆಯನ್ನು ಅಫೆಕ್ಟ್ ಮಾಡಿತು, ಬೆಳೆ ಹಾಳಾದದ್ದು ಮಳೆಯ ಎಫೆಕ್ಟ್. ಪದದ ಹಿಂದೆ ದಿ ಅಥವಾ ಆ್ಯನ್ (an) ಇದ್ದರೆ ಕಣ್ಣು ಮುಚ್ಚಿಕೊಂಡು 'ಇ' ಬರೆಯಿರಿ.

ಪ್ರಶ್ನೆ: "ಐ ಆಮ್ ಹಿಯರಿಂಗ್ ಸಾಂಗ್ಸ್" ಅಂದರೆ ಅಣ್ಣ ತಿದ್ದುತ್ತಾನೆ. ಕನ್ನಡದಲ್ಲಿ ಹಾಡು ಕೇಳುತ್ತೇವೆ ಅಂತಲೇ ತಾನೇ ಹೇಳುವುದು? (ಓದುಗರು, ಪುತ್ತೂರು)

ಉತ್ತರ: ಅಣ್ಣ ಸರಿಯಾಗಿಯೇ ತಿದ್ದಿದ್ದಾನೆ. ನಮ್ಮ 'ಕೇಳು' ಬಹಳ ದೊಡ್ಡ ಪದ. ಹಾಡು ಕೇಳುತ್ತೇವೆ, ಪ್ರಶ್ನೆ ಕೇಳುತ್ತೇವೆ, ಸಾಲ ಕೇಳುತ್ತೇವೆ, ದೊಡ್ಡವರ ಮಾತು ಕೇಳುತ್ತೇವೆ. 1894ರಲ್ಲಿ ಬಂದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಎಲ್ಲಾದರೂ ಸಿಕ್ಕರೆ ಈ ಪದವನ್ನು ತೆಗೆದು ನೋಡಿ, ಇದೊಂದಕ್ಕೆ ಅವರು ಎಷ್ಟು ಇಂಗ್ಲಿಷ್ ಪದ ಕೊಡಬೇಕಾಯಿತು ಅಂತ ಗೊತ್ತಾಗುತ್ತದೆ.

ಆದರೆ ಕನ್ನಡದಲ್ಲೇ ಇನ್ನೊಂದು ಮಾತಿದೆ, 'ಕೇಳಿಸು'. "ನನಗೆ ಗಂಟೆ ಕೇಳಿಸಿತು" ಅನ್ನುವಾಗ ನಾವು ಏನೂ ಮಾಡಿಲ್ಲ, ಸದ್ದು ತಾನಾಗಿ ಕಿವಿಗೆ ಬಿತ್ತು. ಅದು ಹಿಯರ್. "ನಾನು ಹಾಡು ಕೇಳಿದೆ" ಅನ್ನುವಾಗ ನಾವೇ ಕಿವಿಗೊಟ್ಟಿದ್ದೇವೆ. ಅದು ಲಿಸನ್. ಕಾಣಿಸಿತು ಮತ್ತು ನೋಡಿದೆ ಕೂಡ ಇದೇ ಲೆಕ್ಕ. ಕಾಣಿಸಿದರೆ ಸೀ, ಕಣ್ಣು ಹಾಯಿಸಿ ನೋಡಿದರೆ ಲುಕ್, ಕೂತು ಕೊನೆತನಕ ನೋಡಿದರೆ ವಾಚ್. ಹಾಗಾಗಿ ನಿಮ್ಮ ವಾಕ್ಯ "ಐ ಆಮ್ ಲಿಸನಿಂಗ್ ಟು ಸಾಂಗ್ಸ್" ಅಂತಾಗಬೇಕು. ಆ 'ಟು' ಬಿಡಬೇಡಿ, ಅಣ್ಣ ಮತ್ತೆ ತಿದ್ದುತ್ತಾನೆ.